ಓದಲಾಗಲಿಲ್ಲ ಎಂದ ಹಾರ್ಡ್ ಡಿಸ್ಕ್

ಮಳೆಗಾಲದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಎಲ್ಲೋ ಕಾಡಿನ ನಡುವೆ ಒಂದು ಮರ ಲೈನಿನ ಮೇಲೆ ಒರಗಿದರೆ ಸಾಕು, ನಾಲ್ಕಾರು ಊರು ಒಟ್ಟಿಗೇ ಕತ್ತಲಾಗುತ್ತವೆ. ಲ್ಯಾಪ್‌ಟಾಪಿಗಾದರೆ ಬ್ಯಾಟರಿ ಇರುತ್ತದೆ. ಮೇಜಿನ ಕೆಳಗಿರುವ ದೊಡ್ಡ ಕಂಪ್ಯೂಟರಿಗೆ ಅದಿಲ್ಲ. ಯುಪಿಎಸ್ ಹಳೆಯದಾಗಿದ್ದರೆ ಪೀಂ ಎಂದು ಕೂಗಿ ಅದೂ ಕೈಬಿಡುತ್ತದೆ. ಕರೆಂಟು ಬಂದ ಮೇಲೆ ಕಂಪ್ಯೂಟರ್ ಹಾಕಿದರೆ ಎಲ್ಲ ಸರಿಯಿದ್ದ ಹಾಗೇ ಕಾಣುತ್ತದೆ. ಆದರೆ ಒಂದು ದಿನ ಅಕ್ಕನ ಮದುವೆಯ ಫೋಟೋಗಳನ್ನು ಪೆನ್ ಡ್ರೈವಿಗೆ ಕಾಪಿ ಮಾಡಲು ಹೋದರೆ ಅರ್ಧದಲ್ಲೇ ನಿಂತುಬಿಡುತ್ತದೆ. ಪರದೆಯ ಮೇಲಿನ ಹಸಿರು ಪಟ್ಟಿ ಅಲುಗುವುದಿಲ್ಲ. ಡಬ್ಬದ ಒಳಗಿನಿಂದ ಟಿಕ್... ಟಿಕ್... ಎಂದು ಕೇಳಿಸುತ್ತದೆ. ಬಹಳ ಹೊತ್ತಾದ ಮೇಲೆ ಒಂದು ಸಂದೇಶ ಬರುತ್ತದೆ: ಈ ಫೈಲನ್ನು ಓದಲಾಗಲಿಲ್ಲ.

ಇದಕ್ಕೆ ರೀಡ್ ಎರರ್ ಎನ್ನುತ್ತಾರೆ. ಇದನ್ನು ಕಂಡ ಕೂಡಲೇ "ಹಾರ್ಡ್ ಡಿಸ್ಕ್ ಹೋಯ್ತು" ಎಂದು ಮನೆಯವರೆಲ್ಲ ಗಾಬರಿಯಾಗುತ್ತಾರೆ. ಸ್ವಲ್ಪ ತಡೆಯಿರಿ. ಡಿಸ್ಕಿನಲ್ಲಿ ಏನೋ ಕೆಟ್ಟಿರುವುದು ನಿಜ. ಆದರೆ ಕೆಟ್ಟದ್ದನ್ನು ಮುಚ್ಚಿಡದೆ ಅದು ನಮಗೆ ತಿಳಿಸಿದೆ. ತಪ್ಪು ಅಕ್ಷರಗಳನ್ನು ತಂದು ಕೈಗಿಡುವ ಬದಲು, ಇಷ್ಟು ಭಾಗ ನನ್ನಿಂದ ಓದಲಾಗುತ್ತಿಲ್ಲ ಎಂದು ಹೇಳಿದೆ. ಅದು ಹಾಗೆ ಹೇಳಬಲ್ಲದು ಎನ್ನುವುದೇ ದೊಡ್ಡ ವಿಷಯ. ಅದಕ್ಕೆ ತನ್ನ ತಪ್ಪು ಗೊತ್ತಾಗುವುದು ಹೇಗೆ?

ಮೊದಲು ಒಳಗೆ ಏನಿದೆ ನೋಡೋಣ. ಹಾರ್ಡ್ ಡಿಸ್ಕಿನ ಒಳಗೆ ಹೊಳೆಯುವ ದುಂಡು ತಟ್ಟೆಗಳಿರುತ್ತವೆ. ತಟ್ಟೆ ಅಲ್ಯೂಮಿನಿಯಮ್ಮಿನದು ಅಥವಾ ಗಾಜಿನದು. ಅದರ ಮೇಲೆ ಕೋಬಾಲ್ಟ್ ಬೆರೆತ ಲೋಹದ ಬಹಳ ತೆಳುವಾದ ಲೇಪ. ಈ ಲೇಪದಲ್ಲಿ ಎಣಿಸಲಾಗದಷ್ಟು ಪುಟ್ಟ ಪುಟ್ಟ ಜಾಗಗಳು ಅಯಸ್ಕಾಂತಗಳಾಗಿ ಕೂತಿರುತ್ತವೆ. ಅವು ಯಾವ ದಿಕ್ಕಿಗೆ ಮುಖ ಮಾಡಿವೆ, ಎಲ್ಲಿ ದಿಕ್ಕು ಬದಲಿಸಿವೆ ಎನ್ನುವುದರಲ್ಲೇ 0 ಮತ್ತು 1ಗಳ ಲೆಕ್ಕ ಅಡಗಿದೆ. ನಿಮ್ಮ ಫೋಟೋ, ಹಾಡು, ಶಾಲೆಯ ಪ್ರಾಜೆಕ್ಟು ಎಲ್ಲವೂ ಅಲ್ಲಿ ಇಷ್ಟೇ.

ಮನೆಯಲ್ಲಿ ಬಳಸುವ ಡಿಸ್ಕಿನ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ಅಂದರೆ ಒಂದು ಸೆಕೆಂಡಿಗೆ 90 ಅಥವಾ 120 ಸುತ್ತು. ಓದುವ ಭಾಗಕ್ಕೆ ಹೆಡ್ ಎಂದು ಹೆಸರು. ಅದು ಒಂದು ತೋಳಿನ ತುದಿಯಲ್ಲಿರುತ್ತದೆ. ತಿರುಗುವ ತಟ್ಟೆ ಎಳೆದು ತರುವ ಗಾಳಿ ಹೆಡ್ಡನ್ನು ಎತ್ತಿ ಹಿಡಿದಿರುತ್ತದೆ, ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ಓದುವ ಹೊತ್ತಿಗೆ ಇವೆರಡರ ನಡುವಿನ ಸಂದು ಬರೀ ಕೆಲವು ನ್ಯಾನೊಮೀಟರ್. ನಿಮ್ಮ ತಲೆಗೂದಲು ಸುಮಾರು 80,000 ನ್ಯಾನೊಮೀಟರ್ ದಪ್ಪ ಇದೆ. ಒಲೆಯ ಹೊಗೆಯ ಒಂದು ಕಣ ಕೂಡ ಆ ಸಂದಿನಲ್ಲಿ ತೂರಲಾರದು.

1956ರಲ್ಲಿ ಐಬಿಎಂ ಕಂಪನಿ ಮೊದಲ ಹಾರ್ಡ್ ಡಿಸ್ಕ್ ಮಾಡಿದಾಗ ಅದರಲ್ಲಿ ಎರಡು ಅಡಿ ಅಗಲದ 50 ತಟ್ಟೆಗಳಿದ್ದವು. ಅಷ್ಟೆಲ್ಲ ಸೇರಿ ಹಿಡಿಸುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರ. ಈಗಿನ ಮೊಬೈಲಿನ ಒಂದೆರಡು ಫೋಟೋಗೇ ಅದು ತುಂಬಿಹೋಗುತ್ತದೆ. ಅಲ್ಲಿಂದ ಇಲ್ಲಿಗೆ ಬರಲು ಎಷ್ಟೋ ಜನರ ಬುದ್ಧಿ ಬೇಕಾಯಿತು. ಪುಟ್ಟ ಅಯಸ್ಕಾಂತವನ್ನೂ ಗುರುತಿಸಬಲ್ಲ ಹೆಡ್ ಮಾಡಲು ದಾರಿ ತೋರಿಸಿದ ಭೌತಶಾಸ್ತ್ರದ ಸಂಗತಿಯೊಂದನ್ನು 1988ರಲ್ಲಿ ಫ್ರಾನ್ಸಿನ ಆಲ್ಬರ್ ಫೇರ್ ಮತ್ತು ಜರ್ಮನಿಯ ಪೀಟರ್ ಗ್ರುನ್‌ಬರ್ಗ್ ಬೇರೆಬೇರೆಯಾಗಿಯೇ ಕಂಡುಹಿಡಿದರು. ಅದಕ್ಕೆ 2007ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಸಿಕ್ಕಿತು.

ಈಗ ಮತ್ತೆ ಕರೆಂಟು ಹೋದ ಗಳಿಗೆಗೆ ಬನ್ನಿ. ತಟ್ಟೆ ನಿಂತರೆ ಗಾಳಿ ಇಲ್ಲ. ಗಾಳಿ ಇಲ್ಲದಿದ್ದರೆ ಹೆಡ್ ತಟ್ಟೆಯ ಮೇಲೆ ಬೀಳಬೇಕಲ್ಲ? ಬೀಳುವುದಿಲ್ಲ. ಕರೆಂಟು ಹೋದರೂ ತಟ್ಟೆ ಕೂಡಲೇ ನಿಲ್ಲುವುದಿಲ್ಲ, ಕೆಲವು ಕ್ಷಣ ತಿರುಗುತ್ತಲೇ ಇರುತ್ತದೆ. ಆ ತಿರುಗುವಿಕೆಯಿಂದ ಅದರ ಮೋಟರ್ ಒಂದಿಷ್ಟು ವಿದ್ಯುತ್ತು ಹುಟ್ಟಿಸುತ್ತದೆ. ಆ ಚೂರು ವಿದ್ಯುತ್ತಿನಲ್ಲೇ ಡಿಸ್ಕ್ ತನ್ನ ಹೆಡ್ಡನ್ನು ಸರಿಸಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮೇಜಿನ ಕೆಳಗಿನ ಡಿಸ್ಕ್ ಎಷ್ಟು ಸಲ ಸದ್ದಿಲ್ಲದೆ ಹೀಗೆ ಬಚಾವಾಗಿರುತ್ತದೋ!

ಆದರೆ ಆ ಕ್ಷಣದಲ್ಲಿ ಅದು ಏನನ್ನೋ ಬರೆಯುತ್ತಿದ್ದರೆ ಬರಹ ಅರ್ಧಕ್ಕೇ ನಿಲ್ಲಬಹುದು. ಆ ಜಾಗದಲ್ಲಿ ಅರ್ಧ ಹೊಸದು, ಅರ್ಧ ಹಳೆಯದು ಉಳಿಯುತ್ತದೆ. ಮುಂದೆ ಓದಲು ಹೋದಾಗ ಲೆಕ್ಕ ತಾಳೆಯಾಗುವುದಿಲ್ಲ. ಇಲ್ಲಿ ತಟ್ಟೆಗೆ ಏನೂ ಆಗಿಲ್ಲ, ಅಲ್ಲಿ ಇನ್ನೊಮ್ಮೆ ಸರಿಯಾಗಿ ಬರೆದರೆ ಜಾಗ ಮೊದಲಿನಂತಾಗುತ್ತದೆ. ಆದರೆ ಮುಂಚೆ ಅಲ್ಲಿದ್ದದ್ದು ಹೋದ ಹಾಗೇ. ನಿಜವಾದ ಗಾಯ ಬೇರೆ: ಡಿಸ್ಕ್ ಕೈಜಾರಿ ಬಿದ್ದು ಹೆಡ್ ತಟ್ಟೆಗೆ ತಗುಲಿದರೆ ಲೇಪ ಗೀಚಿಹೋಗುತ್ತದೆ. ವಯಸ್ಸಾದ ಹೆಡ್ ತಾನೇ ದುರ್ಬಲವಾಗುವುದೂ ಉಂಟು. ಅಲುಗಾಟವೂ ಇದಕ್ಕೆ ಆಗದು. 2008ರಲ್ಲಿ ಬ್ರೆಂಡನ್ ಗ್ರೆಗ್ ಎಂಬ ಎಂಜಿನಿಯರ್ ಓಡುತ್ತಿರುವ ಡಿಸ್ಕುಗಳ ಮುಂದೆ ನಿಂತು ಜೋರಾಗಿ ಕಿರುಚಿದರು. ಅವು ಕೆಲಸದಲ್ಲಿ ತಡವರಿಸಿದ್ದು ಪಕ್ಕದ ಪರದೆಯ ನಕ್ಷೆಯಲ್ಲಿ ಕಾಣಿಸಿತು!

ಇನ್ನು ನನಗೆ ಬಹಳ ಇಷ್ಟವಾದ ಭಾಗ. ಅದಕ್ಕೆ ಚೌಕಾಬಾರದ ಮನೆ ಬರೆಯಿರಿ, ಅಡ್ಡ ಐದು, ಉದ್ದ ಐದು. ಒಂದು ಬದಿ ಉಜ್ಜಿ ಬಿಳಿ ಮಾಡಿದ 25 ಹುಣಸೆ ಬೀಜ ಬೇಕು. ಮೇಲಿನ ಎಡಮೂಲೆಯಿಂದ ಶುರು ಮಾಡಿ ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕು ಬೀಜವನ್ನು ಮನಸ್ಸಿಗೆ ಬಂದ ಹಾಗೆ ಇಡಲು ತಂಗಿಗೋ ಗೆಳೆಯನಿಗೋ ಹೇಳಿ. ಕೆಲವು ಬಿಳಿ ಮೇಲಾಗಿ, ಕೆಲವು ಕಪ್ಪು ಮೇಲಾಗಿ ಇರಲಿ. ಈ 16 ಬೀಜಗಳೇ ನಾವು ಉಳಿಸಿಕೊಳ್ಳಬೇಕಾದ ಮಾಹಿತಿ. ಆಮೇಲೆ ಪ್ರತಿ ಸಾಲಿನ ಐದನೆಯ ಮನೆಯಲ್ಲಿ ನೀವು ಒಂದು ಬೀಜ ಇಡಿ. ಆ ಸಾಲಿನ ಬಿಳಿಗಳ ಸಂಖ್ಯೆ ಸಮವಾಗುವಂತೆ ಅದರ ಮುಖ ಆರಿಸಿ: ಮೂರು ಬಿಳಿ ಇದ್ದರೆ ಇನ್ನೊಂದು ಬಿಳಿ, ಎರಡಿದ್ದರೆ ಕಪ್ಪು. ಕೆಳಗಿನ ಐದನೆಯ ಸಾಲಿನಲ್ಲೂ ಹೀಗೇ, ಮೇಲಿಂದ ಕೆಳಕ್ಕೆ ಎಣಿಸಿ ಇಡಿ. ಈಗ ಅಡ್ಡ ಎಣಿಸಿದರೂ ಉದ್ದ ಎಣಿಸಿದರೂ ಎಲ್ಲೆಲ್ಲೂ ಬಿಳಿ ಸಮಸಂಖ್ಯೆ.

ನೀವು ಆ ಕಡೆ ತಿರುಗಿ ನಿಲ್ಲಿ. ಗೆಳೆಯ ಒಂದೇ ಒಂದು ಬೀಜವನ್ನು ಮಗುಚಲಿ. ತಿರುಗಿ ಬಂದು ಎಣಿಸಿ. ಒಂದು ಅಡ್ಡಸಾಲಿನಲ್ಲಿ ಬಿಳಿ ಬೆಸವಾಗಿರುತ್ತದೆ, ಒಂದು ಉದ್ದಸಾಲಿನಲ್ಲೂ ಬೆಸವಾಗಿರುತ್ತದೆ. ಎರಡೂ ಕೂಡುವ ಮನೆಯ ಬೀಜವೇ ಮಗುಚಿದ್ದು. ಅದನ್ನು ಸರಿಮಾಡಿ, ಗೆಳೆಯ ಕಣ್ಣರಳಿಸಲಿ.

ಹಾರ್ಡ್ ಡಿಸ್ಕ್ ದಿನವಿಡೀ ಮಾಡುವುದು ಈ ಬಗೆಯ ಲೆಕ್ಕವನ್ನೇ. ಅದರಲ್ಲಿ ಬರಹ ಸೆಕ್ಟರ್ ಎಂಬ ಚಿಕ್ಕ ಚಿಕ್ಕ ಭಾಗಗಳಲ್ಲಿ ಕೂತಿರುತ್ತದೆ. ಹಳೆಯ ಡಿಸ್ಕಿನಲ್ಲಿ ಒಂದು ಸೆಕ್ಟರಿಗೆ 512 ಬೈಟ್, ಹೊಸದರಲ್ಲಿ 4,096. ಪ್ರತಿ ಸೆಕ್ಟರಿನ ಜೊತೆಗೂ ತಾಳೆ ನೋಡುವ ಕೆಲವು ಬೈಟುಗಳು ಇರುತ್ತವೆ. ಅದರ ಗಣಿತ ನಮ್ಮ ಹುಣಸೆ ಬೀಜದ ಲೆಕ್ಕಕ್ಕಿಂತ ಎಷ್ಟೋ ಚುರುಕು. ಹಲವು ತಪ್ಪುಗಳನ್ನು ಒಟ್ಟಿಗೇ ಹಿಡಿದು ತಿದ್ದುತ್ತದೆ. ಈ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಅಮೆರಿಕದ ರಿಚರ್ಡ್ ಹ್ಯಾಮಿಂಗ್ ಒಬ್ಬರು. ಬೆಲ್ ಪ್ರಯೋಗಾಲಯದಲ್ಲಿ ಅವರು ವಾರದ ಕೊನೆಗೆ ಯಂತ್ರಕ್ಕೆ ಲೆಕ್ಕ ಕೊಟ್ಟು ಹೋಗುತ್ತಿದ್ದರು. ಸೋಮವಾರ ಬಂದು ನೋಡಿದರೆ, ಎಲ್ಲೋ ಒಂದು ತಪ್ಪು ಕಂಡು ಯಂತ್ರ ಅವರ ಲೆಕ್ಕವನ್ನೇ ಕೈಬಿಟ್ಟಿರುತ್ತಿತ್ತು. ತಪ್ಪಾಗಿದೆ ಎಂದು ತಿಳಿಯುವ ಯಂತ್ರಕ್ಕೆ ತಪ್ಪು ಎಲ್ಲಿದೆ ಎಂದು ತಿಳಿದು ತಿದ್ದಿಕೊಳ್ಳಲು ಏಕೆ ಬರಬಾರದು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1950ರಲ್ಲಿ ಅವರ ಉತ್ತರ ಪ್ರಕಟವಾಯಿತು. 1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬಿಬ್ಬರು ಇನ್ನೂ ಬಲವಾದ ದಾರಿ ಕಂಡುಕೊಂಡರು. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಹಣ ಕೊಡಲು ಕ್ಯೂಆರ್ ಚೀಟಿ ಅಂಟಿಸಿರುತ್ತಾರಲ್ಲ, ಅದರ ನಡುವಿನ ಸ್ವಲ್ಪ ಭಾಗ ಮಳೆಗೆ ಅಳಿಸಿಹೋಗಿದ್ದರೂ ಮೊಬೈಲ್ ಓದಿಬಿಡುವುದು ಅವರ ಗಣಿತದಿಂದಲೇ.

ಈಗ ಗೆಳೆಯ ಎರಡು ಬೀಜ ಮಗುಚಲಿ, ಎರಡೂ ಒಂದೇ ಅಡ್ಡಸಾಲಿನಲ್ಲಿ. ಅಡ್ಡ ಎಣಿಸಿದರೆ ಎಲ್ಲ ಸಮ. ಉದ್ದ ಎಣಿಸಿದರೆ ಎರಡು ಸಾಲು ಬೆಸ. ಏನೋ ತಪ್ಪಾಗಿದೆ ಎಂದು ನಿಮಗೆ ಖಂಡಿತ ಗೊತ್ತು. ಯಾವ ಬೀಜ ಎಂದು ಮಾತ್ರ ಹೇಳಲಾರಿರಿ. ಊಹೆಯ ಮೇಲೆ ಯಾವುದೋ ಎರಡನ್ನು ಮಗುಚಿ "ಇದೇ ಸರಿ" ಎಂದರೆ ಅದು ಸುಳ್ಳಾಗಬಹುದು. ಡಿಸ್ಕಿಗೂ ಇಂಥ ಇಕ್ಕಟ್ಟು ಬರುತ್ತದೆ. ಆಗ ಅದು ಮತ್ತೆ ಓದಿ ನೋಡುತ್ತದೆ. ಹೆಡ್ಡನ್ನು ಕೂದಲೆಳೆಯಷ್ಟೂ ಅಲ್ಲದ ದೂರ ಆಚೀಚೆ ಸರಿಸಿ ಓದುತ್ತದೆ. ತಟ್ಟೆ ಮತ್ತೆ ಮತ್ತೆ ಸುತ್ತುತ್ತದೆ. ಹಸಿರು ಪಟ್ಟಿ ಅಲುಗದೆ ನಿಂತಿದ್ದಾಗ ಒಳಗೆ ನಡೆಯುತ್ತಿದ್ದದ್ದು ಈ ಪ್ರಯತ್ನ. ಯಾವ ದಾರಿಯೂ ಉಳಿಯದಿದ್ದಾಗ ಮಾತ್ರ ಅದು ಓದಲಾಗಲಿಲ್ಲ ಎನ್ನುತ್ತದೆ.

ಓದಲಾಗದ್ದನ್ನು ಓದಲಾಗಲಿಲ್ಲ ಎಂದೇ ಬರೆದಿಡುವ ಕೆಲಸ ನಿಮ್ಮ ಊರುಗಳಲ್ಲಿ ಕಂಪ್ಯೂಟರ್ ಬರುವುದಕ್ಕೆ ಬಹಳ ಮುಂಚೆಯೇ ನಡೆದಿದೆ. ಶೃಂಗೇರಿಯಲ್ಲಿ 1346ರ ಒಂದು ಕಲ್ಲಿನ ಶಾಸನವಿದೆ; ವಿಜಯನಗರದ ಹರಿಹರ ಮತ್ತು ಅವನ ತಮ್ಮಂದಿರು ಅಲ್ಲಿನ ಮಠದ ಭಾರತೀತೀರ್ಥರಿಗೆ ಭೂಮಿ ಬಿಟ್ಟುಕೊಟ್ಟದ್ದನ್ನು ಹೇಳುವ ಶಾಸನ. ಈ ಸೀಮೆಯಲ್ಲಿ ಇಂಥ ಕಲ್ಲುಗಳು ಬಹಳ ಇವೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಮತ್ತು ಅವರ ಜೊತೆಗಾರರು ಮೈಸೂರು ಸೀಮೆಯ ಊರೂರಿನ ಶಾಸನಗಳನ್ನು ಓದಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಕೊಪ್ಪ, ಶೃಂಗೇರಿಯ ಕಡೆಯ ಶಾಸನಗಳು ಆರನೆಯ ಸಂಪುಟದಲ್ಲಿವೆ. ಅದು ಬಂದದ್ದು 1901ರಲ್ಲಿ. ಆಗ ಈ ಜಿಲ್ಲೆಗೆ ಕಡೂರು ಎಂದು ಹೆಸರು, ಶೃಂಗೇರಿ ಒಂದು ಜಹಗೀರು, ನರಸಿಂಹರಾಜಪುರ ಇನ್ನೂ ಎಡೆಹಳ್ಳಿ.

ನೂರಾರು ಮಳೆಗಾಲ ಕಂಡ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ಕೆಲವು ಕಡೆ ಚಕ್ಕೆ ಎದ್ದಿರುತ್ತದೆ. ಓದುವವರು ಕಲ್ಲನ್ನು ತೊಳೆದು, ಒದ್ದೆ ಕಾಗದ ಹರಡಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಸುಲಭವಾಗಿ ಓದಬಹುದಾದ ಸಾಲುಗಳು ಮೊದಲು ಕಾಗದಕ್ಕೆ ಇಳಿಯುತ್ತವೆ. ಕಷ್ಟದ ಅಕ್ಷರಕ್ಕೆ ಆಮೇಲೆ ಮರಳುತ್ತಾರೆ, ಓರೆಯಾಗಿ ಬೆಳಕು ಬಿಟ್ಟು ನೋಡುತ್ತಾರೆ. ಏನು ಮಾಡಿದರೂ ಓದಲಾಗದ ಕಡೆ ಚುಕ್ಕಿಗಳನ್ನಿಡುತ್ತಾರೆ. ಆ ಸಂಪುಟಗಳನ್ನು ತೆರೆದರೆ ಸಾಲಿನ ನಡುನಡುವೆ ಈ ಚುಕ್ಕಿಗಳು ಕಾಣುತ್ತವೆ. ಅವು ಇರುವುದರಿಂದಲೇ ಉಳಿದ ಅಕ್ಷರಗಳನ್ನು ನಾವು ನಂಬಬಹುದು.

ಕೆಡುತ್ತಿರುವ ಡಿಸ್ಕಿನಿಂದ ಫೋಟೋ ಉಳಿಸುವ ಜಾಣ ಕ್ರಮವೂ ಇದೇ: ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಸಾಮಾನ್ಯ ಕಾಪಿಗೆ ಆ ಜಾಣತನ ಇಲ್ಲ. ಅದು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಹೋಗುತ್ತದೆ. ಮೊದಲು ಸಿಕ್ಕ ಕೆಟ್ಟ ಸೆಕ್ಟರಿನ ಮುಂದೆ ಕೂತುಬಿಡುತ್ತದೆ. ಒಂದು ಲೆಕ್ಕ ಮಾಡಿ. 1 ಟೆರಾಬೈಟಿನ ಡಿಸ್ಕಿನಲ್ಲಿ 512 ಬೈಟಿನ ಸುಮಾರು 195 ಕೋಟಿ ಸೆಕ್ಟರುಗಳಿರುತ್ತವೆ. ಸೆಕೆಂಡಿಗೆ 100 ಮೆಗಾಬೈಟ್ ಓದಿದರೆ ಇಡೀ ಡಿಸ್ಕ್ ಮೂರು ಗಂಟೆಯೊಳಗೆ ಕಾಪಿಯಾಗುತ್ತದೆ. ಇದರಲ್ಲಿ 1,000 ಸೆಕ್ಟರ್ ಕೆಟ್ಟಿವೆ, ಒಂದೊಂದರ ಮುಂದೆಯೂ ಡಿಸ್ಕ್ 30 ಸೆಕೆಂಡ್ ಹೆಣಗುತ್ತದೆ ಎಂದುಕೊಳ್ಳಿ. ಅದಕ್ಕೇ ಎಂಟು ಗಂಟೆಗೂ ಹೆಚ್ಚು ಹೋಯಿತು! ಆ ಸಾವಿರ ಸೆಕ್ಟರ್ ಸೇರಿದರೆ ಎಷ್ಟು? ಅರ್ಧ ಮೆಗಾಬೈಟ್, ಒಂದು ಫೋಟೋದಷ್ಟೂ ಅಲ್ಲ. ಸಾಯುತ್ತಿರುವ ಡಿಸ್ಕಿನ ಕೊನೆಯ ಗಂಟೆಗಳನ್ನು ಅಷ್ಟಕ್ಕಾಗಿ ಕಳೆದರೆ, ಚೆನ್ನಾಗಿದ್ದ ಲಕ್ಷಾಂತರ ಸೆಕ್ಟರುಗಳ ಸರದಿ ಬರುವ ಮೊದಲೇ ಅದು ಪೂರ್ತಿ ನಿಂತುಹೋಗಬಹುದು.

ಹೀಗಾಗದಂತೆ ಕಾಪಿ ಮಾಡಲೆಂದೇ ಡಿಡಿರೆಸ್ಕ್ಯೂ ಎಂಬ ಒಂದು ಉಚಿತ ತಂತ್ರಾಂಶ ಇದೆ. ಅದನ್ನು ಬರೆದವರು ಆಂಟೋನಿಯೊ ಡಿಯಾಸ್ ಡಿಯಾಸ್. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಇದನ್ನು ಓಡಿಸಬಹುದು. ಹಳೆಯ ಡಿಸ್ಕಿನ ಜೊತೆಗೆ ಅಷ್ಟೇ ಅಥವಾ ಹೆಚ್ಚು ಜಾಗವಿರುವ ಒಳ್ಳೆಯ ಡಿಸ್ಕ್ ಇನ್ನೊಂದು ಬೇಕು. ಡಿಡಿರೆಸ್ಕ್ಯೂ ಚೆನ್ನಾಗಿರುವ ಭಾಗಗಳನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ತೊಡಕು ಸಿಕ್ಕ ಕಡೆ ಹಟ ಹಿಡಿಯದೆ ಹಾರಿ ಮುಂದೆ ಹೋಗುತ್ತದೆ. ಆಮೇಲೆ ಕೊನೆಯಿಂದ ಮೊದಲಿನ ಕಡೆಗೂ ಬರುತ್ತದೆ, ಬಿಟ್ಟ ತುಂಡುಗಳ ಅಂಚನ್ನು ಎರಡೂ ಕಡೆಯಿಂದ ಕೆರೆಯುತ್ತದೆ. ಕಟ್ಟಕಡೆಗೆ ಒಂದೊಂದೇ ಸೆಕ್ಟರಿಗೆ ಕೈಹಾಕುತ್ತದೆ.

ಎಲ್ಲಿ ಏನಾಯಿತು ಎಂಬುದನ್ನು ಅದು ಒಂದು ಚಿಕ್ಕ ಕಡತದಲ್ಲಿ ಬರೆದಿಡುತ್ತದೆ. ಓದಿ ಮುಗಿದ ಭಾಗಕ್ಕೆ + ಗುರುತು. ಇನ್ನೂ ಮುಟ್ಟದ ಭಾಗಕ್ಕೆ ? ಗುರುತು. ಎಷ್ಟು ಮಾಡಿದರೂ ಬಾರದ ಸೆಕ್ಟರಿಗೆ - ಗುರುತು. ಶಾಸನದ ಚುಕ್ಕಿಗಳು ಇಲ್ಲಿ ಗೆರೆಗಳಾಗಿವೆ ಅಷ್ಟೆ. ಈ ಕಡತ ಇರುವುದರಿಂದ ನಡುವೆ ಕರೆಂಟು ಹೋದರೂ ಚಿಂತೆಯಿಲ್ಲ. ಮತ್ತೆ ಶುರು ಮಾಡಿದರೆ ಮೊದಲಿನಿಂದ ಹೋಗದೆ, ಹಿಂದೆ ಮುಟ್ಟಿದ್ದ ಜಾಗದ ಆಸುಪಾಸಿನಿಂದಲೇ ಹೊರಡುತ್ತದೆ. ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ ತಂತ್ರಾಂಶ.

ಇದನ್ನು ದೊಡ್ಡವರ ಜೊತೆ ಕೂತೇ ಮಾಡಿ. ಯಾವುದು ಹಳೆಯ ಡಿಸ್ಕ್, ಯಾವುದು ಹೊಸದು ಎಂದು ಅದಲುಬದಲಾದರೆ ಖಾಲಿ ಡಿಸ್ಕ್ ಹೋಗಿ ಫೋಟೋಗಳ ಮೇಲೆ ಕೂರುತ್ತದೆ. ಕಾಪಿ ಮುಗಿಯುವ ತನಕ ಕೆಡುತ್ತಿರುವ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು. ಕಂಪ್ಯೂಟರ್ ತಾನಾಗಿ "ಡಿಸ್ಕ್ ರಿಪೇರಿ ಮಾಡಲೇ?" ಎಂದು ಕೇಳಿದರೂ ಆಗ ಬೇಡ ಅನ್ನಿ. ರಿಪೇರಿ ಎಂದರೆ ಅದರ ಮೇಲೆ ಹೊಸದಾಗಿ ಬರೆಯುವುದು. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿಯಾರು, ಕೇಳಬೇಡಿ. ಆಷಾಢದಲ್ಲಿ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವ ಊರಿದು. ತಣ್ಣನೆಯ ಡಿಸ್ಕನ್ನು ಹೊರಗೆ ತೆಗೆದರೆ ಗಾಳಿಯ ನೀರೆಲ್ಲ ಅದರ ಮೇಲೆ ಹನಿಗಟ್ಟುತ್ತದೆ. ಮುಚ್ಚಳ ತೆಗೆದು ನೋಡುವ ಆಸೆಯನ್ನೂ ತಡೆದುಕೊಳ್ಳಿ. ಅದನ್ನು ಕೆಡಿಸಲು ಮನೆಯ ಗಾಳಿಯ ಒಂದು ಧೂಳಿನ ಕಣ ಸಾಕು. ಟಿಕ್ ಟಿಕ್ ಸದ್ದು ನಿಲ್ಲದೆ ಬರುತ್ತಿದ್ದರೆ, ಡಿಸ್ಕ್ ಕಂಪ್ಯೂಟರಿಗೆ ಕಾಣಿಸುತ್ತಲೇ ಇಲ್ಲವಾದರೆ, ಕರೆಂಟು ತೆಗೆದು ಆ ಕೆಲಸ ಬಲ್ಲವರಿಗೆ ಕೊಡುವುದೇ ಸರಿ. ಅಲ್ಲಿ ಹೆಡ್ಡೇ ಕೆಟ್ಟಿರಬಹುದು.

ಚೆನ್ನಾಗಿರುವ ಡಿಸ್ಕನ್ನೂ ಆಗಾಗ ಮಾತಾಡಿಸಬಹುದು. ಬಹುತೇಕ ಡಿಸ್ಕುಗಳು ಸ್ಮಾರ್ಟ್ ಎಂಬ ಹೆಸರಿನಲ್ಲಿ ತಮ್ಮ ಆರೋಗ್ಯದ ಪಟ್ಟಿ ಇಟ್ಟುಕೊಂಡಿರುತ್ತವೆ. ಅದರಲ್ಲಿ 5 ಮತ್ತು 197 ಎಂಬ ಎರಡು ಸಾಲು ನೋಡಿ. 197ರಲ್ಲಿ ಇರುವುದು ಓದಲಾಗದೆ ಅನುಮಾನದಲ್ಲಿಟ್ಟ ಸೆಕ್ಟರುಗಳ ಲೆಕ್ಕ. ಅಂಥ ಸೆಕ್ಟರಿನ ಮೇಲೆ ಮುಂದೆ ಯಾವಾಗಲಾದರೂ ಹೊಸದಾಗಿ ಬರೆಯುವಾಗ ಡಿಸ್ಕ್ ಅದನ್ನು ಪರೀಕ್ಷಿಸುತ್ತದೆ. ಬರಹ ಸರಿಯಾಗಿ ಕೂತರೆ ಅನುಮಾನ ತೆಗೆಯುತ್ತದೆ. ಕರೆಂಟು ಹೋಗಿ ಅರ್ಧಕ್ಕೆ ನಿಂತಿದ್ದ ಬರಹವಾದರೆ ಹೀಗೇ ಆಗುವುದು. ಕೂರದಿದ್ದರೆ ಆ ಜಾಗವನ್ನು ಕೈಬಿಟ್ಟು, ಕಾರ್ಖಾನೆಯಲ್ಲೇ ಮೀಸಲಿಟ್ಟ ಬದಲಿ ಸೆಕ್ಟರೊಂದಕ್ಕೆ ಅದರ ಕೆಲಸ ವಹಿಸುತ್ತದೆ. ಹಾಗೆ ಬದಲಿಸಿದವುಗಳ ಲೆಕ್ಕ 5ನೆಯ ಸಾಲಿನಲ್ಲಿರುತ್ತದೆ. ಎರಡೂ ಸೊನ್ನೆ ಇದ್ದರೆ ಒಳ್ಳೆಯದು. ಈ ವಾರ 8, ಮುಂದಿನ ವಾರ 40 ಎಂದು ಏರುತ್ತಿದ್ದರೆ ಅಂದೇ ಎಲ್ಲವನ್ನೂ ಇನ್ನೊಂದು ಕಡೆ ಕಾಪಿ ಮಾಡಲು ಅಪ್ಪ ಅಮ್ಮನಿಗೆ ಹೇಳಿ.

ಡಿಡಿರೆಸ್ಕ್ಯೂ ಮುಗಿದ ಮೇಲೆ ಹೊಸ ಡಿಸ್ಕಿನಲ್ಲಿ ಮದುವೆಯ ಫೋಟೋಗಳನ್ನು ಬಿಚ್ಚಿ ನೋಡಿ. ಹೆಚ್ಚಿನವು ಪೂರ್ತಿ ಇರುತ್ತವೆ. ಯಾವುದೋ ಒಂದರಲ್ಲಿ ಮೇಲಿನ ಭಾಗದಲ್ಲಿ ಚಪ್ಪರ, ಮಾವಿನ ತೋರಣ, ಅಕ್ಕನ ಮುಖ ಇದ್ದು, ಕೆಳಗೆ ಬರೀ ಬೂದು ಬಣ್ಣ ಇರಬಹುದು. ಜೇಪೆಗ್ ಫೋಟೋದಲ್ಲಿ ಹಿಂದಿನ ಭಾಗದ ಲೆಕ್ಕದ ಮೇಲೆ ಮುಂದಿನದು ನಿಂತಿರುತ್ತದೆ. ಹಾಗಾಗಿ ನಡುವೆ ಒಂದು ಸೆಕ್ಟರ್ ಹೋದರೂ ಅಲ್ಲಿಂದ ಕೆಳಗಿನದೆಲ್ಲ ಕೆಡುವುದುಂಟು. ಅದೇ ಫೋಟೋ ಮಾವನ ಮೊಬೈಲಿನಲ್ಲೋ ಚಿಕ್ಕಮ್ಮನ ಮನೆಯ ಪೆನ್ ಡ್ರೈವಿನಲ್ಲೋ ಇದೆಯೇ ಎಂದು ಕೇಳಿ ನೋಡಿ.

ಹಳೆಯ ಡಿಸ್ಕಿನಿಂದ ಇನ್ನೇನೂ ಬೇಡ ಎಂದು ಮನೆಯವರು ಹೇಳಿದ ಮೇಲೆ ಅದನ್ನು ಬಿಚ್ಚಬಹುದು. ಅದರ ಸ್ಕ್ರೂಗಳಿಗೆ ನಕ್ಷತ್ರದ ಆಕಾರದ ತುದಿ ಇರುವ ಸ್ಕ್ರೂ ಡ್ರೈವರ್ ಬೇಕು. ಒಂದೆರಡು ಸ್ಕ್ರೂ ಚೀಟಿಯ ಕೆಳಗೆ ಅಡಗಿರುತ್ತವೆ. ತಟ್ಟೆ ಗಾಜಿನದಾದರೆ ಚೂರುಚೂರಾಗಿ ಸಿಡಿಯಬಹುದು, ಬಗ್ಗಿಸಬೇಡಿ. ತೋಳಿನ ಬುಡದಲ್ಲಿರುವ ಅಯಸ್ಕಾಂತ ಬೆರಳು ಜಜ್ಜುವಷ್ಟು ಬಲವಾದದ್ದು, ಅದನ್ನು ದೊಡ್ಡವರೇ ತೆಗೆಯಲಿ. ಬಿಚ್ಚುವ ಮೊದಲು ಹೊರಮೈಯಲ್ಲಿ ಒಂದು ಪುಟ್ಟ ರಂಧ್ರ ಹುಡುಕಿ. ಇದನ್ನು ಮುಚ್ಚಬೇಡಿ ಎಂದು ಅದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಹೆಡ್ಡನ್ನು ಎತ್ತಿ ಹಿಡಿಯುವ ಗಾಳಿಯ ಒತ್ತಡ ಒಳಗೂ ಹೊರಗೂ ಸರಿಸಮ ಇರಲೆಂದು ಮಾಡಿದ ರಂಧ್ರ ಅದು. ಮುಚ್ಚಳ ತೆಗೆದಾಗ ಅದರ ಒಳಬದಿಯಲ್ಲಿ ಧೂಳು ತಡೆಯುವ ಸಣ್ಣ ಬಿಳಿ ಸೋಸುಕ ಕಾಣುತ್ತದೆ. ರಂಧ್ರ ಎಲ್ಲೂ ಸಿಗದಿದ್ದರೆ ಅದು ಹೀಲಿಯಂ ಅನಿಲ ತುಂಬಿ ಮುಚ್ಚಿದ ಡಿಸ್ಕ್ ಇರಬಹುದು. 2013ರಿಂದ ಅಂಥವೂ ಮಾರುಕಟ್ಟೆಗೆ ಬಂದಿವೆ.